ಬದಲಾದ ಕಡತವಷ್ಟೇ ಇಳಿಯಲಿ

ಹುಣಸೂರು ತಾಲ್ಲೂಕಿನ ಗುರುಪುರದ ಆಸುಪಾಸಿನಲ್ಲಿಯೂ ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಭಾಗಗಳಲ್ಲಿಯೂ ಹೊಗೆಸೊಪ್ಪು ಪ್ರಮುಖ ವಾಣಿಜ್ಯ ಬೆಳೆ. ರೈತರಿಂದ ತಂಬಾಕು ಎಲೆ ಕೊಳ್ಳುವ ನೋಂದಾಯಿತ ವರ್ತಕರೇ ಅದರ ಜಿಎಸ್‌ಟಿಯನ್ನು ರಿವರ್ಸ್ ಚಾರ್ಜ್ ಪದ್ಧತಿಯಲ್ಲಿ ಪಾವತಿಸಬೇಕು. ಇಂತಹ ವರ್ತಕರ ಗಣಕದಲ್ಲಿ ದರಪಟ್ಟಿಯ ಹಳೆಯ ಪ್ರತಿ ಉಳಿದುಬಿಟ್ಟರೆ ನಷ್ಟ ಅವರದೇ. 2025ರ ಸೆಪ್ಟೆಂಬರ್ 22ರಿಂದ ಹಲವಾರು ಸರಕುಗಳ ತೆರಿಗೆ ದರ ಬದಲಾಯಿತು. ಹಳೆಯ ದರದಂತೆ ಕಡಿಮೆ ತೆರಿಗೆ ಕಟ್ಟಿದವರು ಬಾಕಿಯ ಮೇಲೆ ವಾರ್ಷಿಕ ಶೇ. 18ರ ಬಡ್ಡಿ ತೆರಬೇಕು. ಹೆಚ್ಚು ವಸೂಲು ಮಾಡಿದವರು ಅದನ್ನೂ ಸರ್ಕಾರಕ್ಕೆ ಸಲ್ಲಿಸಬೇಕು.

ದಿನವೂ ಎಲ್ಲ ಕಡತಗಳನ್ನು ಇಳಿಸಿಕೊಳ್ಳುವುದು ಇದಕ್ಕೆ ಪರಿಹಾರವಲ್ಲ. ಹೊಸ ನಮೂದುಗಳನ್ನಷ್ಟೇ ಲೆಡ್ಜರಿಗೆ ಏರಿಸುವ ಗುಮಾಸ್ತರಂತೆ ಗಣಕವೂ ವರ್ತಿಸಬಲ್ಲದು. ಜಾಲತಾಣದ ಸರ್ವರ್ ಸಾಮಾನ್ಯವಾಗಿ ಪ್ರತಿ ಕಡತದೊಡನೆ ಅದು ಕೊನೆಯದಾಗಿ ಬದಲಾದ ದಿನಾಂಕವನ್ನೂ ತಿಳಿಸುತ್ತದೆ. ‘ಈ ದಿನಾಂಕದ ನಂತರ ಬದಲಾಗಿದ್ದರೆ ಮಾತ್ರ ಕಳುಹಿಸು’ ಎಂದು ಕೇಳಿದಾಗ, ಬದಲಾವಣೆ ಇಲ್ಲದಿದ್ದರೆ ಸರ್ವರ್ ‘304’ ಎಂಬ ಸಂಕೇತವನ್ನಷ್ಟೇ ನೀಡುತ್ತದೆ, ಕಡತ ಇಳಿಯುವುದಿಲ್ಲ.

1996ರಲ್ಲಿ ಮೊದಲು ಬಂದ ‘ವಿಗೆಟ್’ ಎಂಬ ಉಚಿತ ತಂತ್ರಾಂಶದಲ್ಲಿ ದೊಡ್ಡಕ್ಷರದ ‘ಎನ್’ ಆಯ್ಕೆ ಈ ಕೆಲಸ ಮಾಡುತ್ತದೆ. 2018ರಿಂದ ವಿಂಡೋಸ್ 10ರೊಡನೆಯೇ ಬರುತ್ತಿರುವ ‘ಕರ್ಲ್’ನಲ್ಲಿ ಸಣ್ಣಕ್ಷರದ ‘ಝಡ್’ ಆಯ್ಕೆ ದಿನಾಂಕವನ್ನು ಹೋಲಿಸಿದರೆ, ದೊಡ್ಡಕ್ಷರದ ‘ಆರ್’ ಆಯ್ಕೆ ಇಳಿದ ಪ್ರತಿಗೆ ಸರ್ವರಿನ ದಿನಾಂಕವನ್ನೇ ನಮೂದಿಸುತ್ತದೆ. ಕಡತವೊಂದಕ್ಕೆ ಒಂದು ಸಾಲಿನಂತೆ ಆದೇಶಗಳನ್ನು ಬ್ಯಾಚ್ ಕಡತದಲ್ಲಿ ಬರೆದು, ಟಾಸ್ಕ್ ಶೆಡ್ಯೂಲರ್‌ನಲ್ಲಿ ಬೆಳಗಿನ ವೇಳೆಗೆ ನಿಗದಿಪಡಿಸಿದರೆ ಅಂಗಡಿ ತೆರೆಯುವ ಹೊತ್ತಿಗೆ ಹೊಸ ಪ್ರತಿ ಸಿದ್ಧವಾಗಿರುತ್ತದೆ.

ಆದರೆ ಮೂರು ಎಚ್ಚರಿಕೆಗಳು ಅವಶ್ಯ. ಒಂದು, ಇಳಿದ ಎಕ್ಸೆಲ್ ಕಡತದಲ್ಲಿಯೇ ಅಂಕಿಗಳನ್ನು ತುಂಬಿ ಉಳಿಸಬಾರದು. ಉಳಿಸಿದೊಡನೆ ಅದರ ದಿನಾಂಕ ಇಂದಿನದಾಗುತ್ತದೆ. ನಿನ್ನೆಯೇ ಸರ್ವರಿನಲ್ಲಿ ಬದಲಾದ ಪ್ರತಿ ಹಳೆಯದೆಂದು ಎಣಿಕೆಯಾಗಿ ಇಳಿಯದೆ ಹೋಗಬಹುದು. ಕೆಲಸಕ್ಕೆ ಬೇರೊಂದು ನಕಲು ಇರಲಿ. ಎರಡು, ಹೊಸ ಅಧಿಸೂಚನೆಗಳು ಹೊಸ ವಿಳಾಸದಲ್ಲಿ ಪ್ರಕಟವಾಗುವುದರಿಂದ ಈ ವಿಧಾನಕ್ಕೆ ಅವು ಕಾಣವು. ಅವುಗಳ ಸೂಚಿಪುಟವನ್ನು ಕಣ್ಣಾರೆ ನೋಡಲೇಬೇಕು. ಮೂರು, ಲಾಗಿನ್ ಅಥವಾ ಕ್ಯಾಪ್ಚಾ ಕೇಳುವ ತಾಣಗಳಿಗೂ, ಕೇಳಿದಾಗಲೇ ಸಿದ್ಧಗೊಳ್ಳುವ ಧಾರಣೆ ಪುಟಗಳಿಗೂ ಇದು ಸಾಮಾನ್ಯವಾಗಿ ಅನ್ವಯಿಸದು.

ಇದಕ್ಕೆ ತಗಲುವ ವೆಚ್ಚ ಇಲ್ಲವೆಂದರೂ ನಡೆದೀತು. ಕಡತ ಬದಲಾಗಿದೆಯೆಂದು ಗಣಕ ತಿಳಿಸಬಲ್ಲದು. ಬದಲಾದುದೇನೆಂದು ಓದಿ ಬಿಲ್ಲಿಗೆ ಅಳವಡಿಸುವ ಹೊಣೆ ಮಾತ್ರ ವರ್ತಕರದೇ.