ಮುಂಜಾನೆಯ ತಂಪು, ಮಧ್ಯಾಹ್ನದ ಮುನಿಸು

ಭಾರತದಲ್ಲಿ 2025ರ ಅಕ್ಟೋಬರ್ 1ರಿಂದ ತಯಾರಾಗುವ, ಒಟ್ಟು ತೂಕ 3.5 ಟನ್ ಮೀರುವ ಲಾರಿಗಳಲ್ಲಿ ಚಾಲಕನ ಕೋಣೆಗೆ ಹವಾನಿಯಂತ್ರಣ ಕಡ್ಡಾಯವಾಗಿದೆ. ಎಂಜಿನ್ನಿನ ಕಾವಿನ ಬಳಿಯಲ್ಲೇ ಹಗಲು ಕಳೆಯುವವನಿಗೆ ಇದು ಭೋಗವಲ್ಲ, ದಣಿವಿನಿಂದ ರಕ್ಷಣೆ. ಆದರೆ ಈ ಯಂತ್ರಕ್ಕೊಂದು ವಿಚಿತ್ರ ವ್ಯಾಧಿಯುಂಟು. ಮುಂಜಾನೆ ತಂಪೆರೆಯುತ್ತದೆ, ನಡುಹಗಲಲ್ಲಿ ಬಿಸಿಗಾಳಿ ಊದುತ್ತದೆ, ಸಂಜೆಗೆ ತಾನಾಗಿಯೇ ಸರಿಹೋಗುತ್ತದೆ. ಗ್ಯಾರೇಜು ಸೇರುವ ವೇಳೆಗೆ ರೋಗಿಯು ಪೂರ್ಣ ಆರೋಗ್ಯವಂತ!

ಅವಸರದ ಮೇಸ್ತ್ರಿ ಅನಿಲ ತುಂಬಿ ಹಣ ಪಡೆಯುತ್ತಾನೆ. ಅಳತೆ ಮೀರಿದರೆ ಒತ್ತಡವೇರಿ ದೋಷ ಉಲ್ಬಣಿಸುತ್ತದೆ. ಜಾಣನು ಮೊದಲು ಚಾಲಕನನ್ನೇ ಕೇಳುತ್ತಾನೆ: ತಂಪು ನಿಂತದ್ದು ಯಾವಾಗ?

ಘಾಟಿಯ ಏರಿನಲ್ಲಿ, ಟೋಲ್ ಗೇಟಿನ ಸಾಲಿನಲ್ಲಿ ನಿಂತು, ಓಟದಲ್ಲಿ ಮರಳಿದರೆ ಮುಂಭಾಗದ ಕಂಡೆನ್ಸರನ್ನು ನೋಡಬೇಕು. ಧೂಳು, ಹೊಟ್ಟು, ಹುಳುಗಳು ಅಂಟಿಕೊಂಡರೆ ಕಾವು ಹೊರಹೋಗದೆ ಒತ್ತಡವೇರುತ್ತದೆ. ರಕ್ಷಣೆಯ ಸ್ವಿಚ್ಚು ಕಂಪ್ರೆಸರನ್ನು ನಿಲ್ಲಿಸಿಬಿಡುತ್ತದೆ. ಎಷ್ಟೋ ಸಲ ನೀರಿನಿಂದ ಮೃದುವಾಗಿ ತೊಳೆದರೆ ಸಾಕು. ಕಾದ ಮೇಲೆ ಮಾತ್ರ ಕಂಪ್ರೆಸರಿನ ಕ್ಲಚ್ಚು ಹಿಡಿಯದಿದ್ದರೆ, ಸವೆದು ಅಗಲವಾದ ಅದರ ಸಂದನ್ನು ಅಳೆಯಬೇಕು. ಬಿಸಿಯಾದ ತಂತಿಸುರುಳಿಯ ಕಾಂತಶಕ್ತಿ ಕುಂದಿ, ಬಿಲ್ಲೆಯನ್ನು ಸೆಳೆಯಲಾರದೆ ಹೋಗುತ್ತದೆ. ಗಾಳಿಯೇ ಕ್ರಮೇಣ ಕುಗ್ಗಿ, ಕೊಂಚ ಹೊತ್ತು ಆರಿಸಿಟ್ಟರೆ ಮರಳುವುದಾದರೆ ಒಳಗಿನ ತಂಪುಕೊಳವೆಗಳ ಮೇಲೆ ಮಂಜುಗಡ್ಡೆ ಕಟ್ಟಿರಬಹುದು.

ಎಲ್ಲಕ್ಕಿಂತ ಹೆಚ್ಚು ಕಾಡುವುದು ರಸ್ತೆಯ ಕುಲುಕಾಟಕ್ಕೆ ಸಡಿಲಗೊಂಡ ತಂತಿ. ಯಂತ್ರ ನಡೆಯುತ್ತಿರುವಾಗಲೇ ಜೋಡಣೆಗಳನ್ನು ಒಂದೊಂದಾಗಿ ಅಲುಗಿಸಿ ನೋಡುವ ತಾಳ್ಮೆ ಇದಕ್ಕೆ ಬೇಕು. ಸುತ್ತುವ ಬೆಲ್ಟಿಗೆ ಕೈ ತಗಲದಂತೆ ಎಚ್ಚರವೂ ಬೇಕು.