ಓದಲಾಗದ ಸಂದರ್ಶನ, ಮಾತಿಲ್ಲದ ಮುಖಪುಟ

1994ರಲ್ಲಿ ಅಮೆರಿಕದ ‘ರೇ ಗನ್’ ಎಂಬ ಸಂಗೀತ ಪತ್ರಿಕೆಗೆ ಗಾಯಕ ಬ್ರಯಾನ್ ಫೆರಿಯ ಸಂದರ್ಶನ ಬಂತು. ಪುಟ ಕಟ್ಟಬೇಕಿದ್ದ ಡೇವಿಡ್ ಕಾರ್ಸನ್‌ಗೆ ಅದು ತೀರಾ ಸಪ್ಪೆ ಎನಿಸಿತು. ಆತ ಇಡೀ ಲೇಖನವನ್ನು ಜಾಫ್ ಡಿಂಗ್‌ಬ್ಯಾಟ್ಸ್ ಎಂಬ ಫಾಂಟಿಗೆ ಬದಲಿಸಿಬಿಟ್ಟ. ಆ ಫಾಂಟಿನಲ್ಲಿ ಅಕ್ಷರಗಳೇ ಇಲ್ಲ. ನಕ್ಷತ್ರ, ಬಾಣ, ಹೂವು, ಕತ್ತರಿ ಇಂಥ ಚಿಹ್ನೆಗಳಷ್ಟೇ. ಪತ್ರಿಕೆ ಹಾಗೇ ಅಚ್ಚಾಗಿ ಅಂಗಡಿಗೆ ಹೋಯಿತು.

ಕನ್ನಡದಲ್ಲಿ ಪುಟ ಕಟ್ಟುವ ನಮಗೆ ಇದು ಚೆನ್ನಾಗಿ ಗೊತ್ತಿರುವ ದೃಶ್ಯ. ಪೇಜ್‌ಮೇಕರ್ ತಂತ್ರಾಂಶದ ಕಾಲದಲ್ಲಿ ಶ್ರೀಲಿಪಿಯಲ್ಲೋ ನುಡಿಯಲ್ಲೋ ಟೈಪಾದ ಲೇಖನವನ್ನು ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಪರದೆಯ ತುಂಬ ಇಂಥದ್ದೇ ಕಲಸುಮೇಲೋಗರ. ನಾವು ಹೌಹಾರಿ ಫಾಂಟ್ ಹುಡುಕುತ್ತಿದ್ದೆವು. ಕಾರ್ಸನ್ ಅದನ್ನು ಬೇಕೆಂದೇ ಮಾಡಿ ಹೆಸರುವಾಸಿಯಾದ.

ನಾನು ಪುರವಣಿ, ವಾರಪತ್ರಿಕೆ, ವಿಶೇಷಾಂಕಗಳಿಗೆ ಪುಟ ಕಟ್ಟುತ್ತ ಬಂದವನು. ಬೆಂಗಳೂರಿನ ಚರ್ಚ್ ಸ್ಟ್ರೀಟಿನ ಹಳೇ ಪುಸ್ತಕದ ಅಂಗಡಿಗಳಲ್ಲಿ ಸಿಕ್ಕ ವಿದೇಶಿ ಸಂಗೀತ ಪತ್ರಿಕೆಗಳನ್ನು ಕೊಳ್ಳುತ್ತಿದ್ದುದು ಹಾಡಿನ ಹುಚ್ಚಿಗಲ್ಲ. ಅದರೊಳಗಿನ ಮುಕ್ಕಾಲು ಪಾಲು ಗಾಯಕರನ್ನು ನಾನು ಕೇಳಿಯೇ ಇಲ್ಲ. ಆದರೂ ಪತ್ರಿಕೆ ಕೈಗೆತ್ತಿಕೊಂಡ ಕೂಡಲೇ ಇದು ಎಂಥ ಸಂಗೀತದ್ದು, ಎಂಥವರು ಓದುವುದು ಎಂದು ಅಂದಾಜು ಸಿಗುತ್ತಿತ್ತು. ಒಂದು ಸಾಲೂ ಓದದೆ ಅದು ತಿಳಿಯುವುದು ಹೇಗೆ ಎಂಬುದು ನನ್ನ ಕುತೂಹಲ.

ಪತ್ರಿಕೆಯ ಹೆಸರಿನಿಂದಲೇ ನೋಡೋಣ. 1981ರಲ್ಲಿ ಲಂಡನ್ನಿನಲ್ಲಿ ಶುರುವಾದ ‘ಕೆರಾಂಗ್!’ ಹೆವಿ ಮೆಟಲ್ ಅಭಿಮಾನಿಗಳ ಪತ್ರಿಕೆ. ಎಲೆಕ್ಟ್ರಿಕ್ ಗಿಟಾರನ್ನು ಜೋರಾಗಿ ಮೀಟಿದರೆ ಏಳುವ ಸದ್ದೇ ಅದರ ಹೆಸರು. ಆ ಹೆಸರಿನ ದಪ್ಪ ಅಕ್ಷರಗಳ ಮೈತುಂಬ ಬಿರುಕು. ಆ ಸದ್ದನ್ನು ಕೇಳಿದವನಿಗೆ ಬೇರೆ ವಿವರಣೆ ಬೇಡ. ಕೇಳದವನು ದೂರ ಸರಿದರೆ ಪತ್ರಿಕೆಗೆ ಬೇಸರವೂ ಇಲ್ಲ.

1986ರಲ್ಲಿ ಅದೇ ಊರಿನಲ್ಲಿ ಹುಟ್ಟಿದ ‘ಕ್ಯೂ’ ಪತ್ರಿಕೆ ಕರೆದದ್ದು ಬೇರೆಯವರನ್ನು. ನೌಕರಿ ಹಿಡಿದು, ಹಳೆಯ ಎಲ್‌ಪಿಗಳ ಜಾಗದಲ್ಲಿ ಸಿಡಿ ಕೊಳ್ಳತೊಡಗಿದ್ದ ಸ್ವಲ್ಪ ವಯಸ್ಸಾದ ಕೇಳುಗರನ್ನು. ಅವರಿಗಾಗಿ ಎಡ ಮೂಲೆಯಲ್ಲಿ ಒಂದು ಕೆಂಪು ಚೌಕ, ಅದರೊಳಗೆ ಒಂದೇ ಒಂದು ಬಿಳಿ ಅಕ್ಷರ. ಕಪಾಟಿನಲ್ಲಿ ಪತ್ರಿಕೆಗಳು ಒಂದನ್ನೊಂದು ಮುಚ್ಚಿಕೊಂಡು ನಿಂತಾಗ ಎಡಗಡೆಯ ಪಟ್ಟಿಯಷ್ಟೇ ಹೊರಗೆ ಕಾಣುತ್ತದೆ. ಉಳಿದವುಗಳ ಹೆಸರು ಅರ್ಧಕ್ಕೆ ತುಂಡಾದರೂ ‘ಕ್ಯೂ’ ಇಡಿಯಾಗಿ ಉಳಿಯುತ್ತಿತ್ತು. ನಮ್ಮ ಬಸ್ ಸ್ಟ್ಯಾಂಡಿನ ಪೇಪರ್ ಅಂಗಡಿಯಲ್ಲಿ ಹಗ್ಗಕ್ಕೆ ಕ್ಲಿಪ್ ಹಾಕಿ ಮೇಲಿಂದ ಕೆಳಕ್ಕೆ ತೂಗುಹಾಕುತ್ತಾರಲ್ಲ, ಅಲ್ಲಿ ಕಾಣುವುದು ಮೇಲಂಚು ಮಾತ್ರ. ಅಂಗಡಿಯವನು ಹೇಗೆ ಜೋಡಿಸುತ್ತಾನೆ ಎಂಬುದೂ ಮುಖಪುಟದ ಮೇಲೆ ಎಲ್ಲಿ ಏನಿರಬೇಕೆಂದು ನಿರ್ಧರಿಸುತ್ತದೆ.

ನಮ್ಮಲ್ಲಿ ಟೆಂಟ್ ಸಿನಿಮಾದ ಹೊರಗೆ ಚಿಲ್ಲರೆ ಕಾಸಿಗೆ ಹಾಡಿನ ಪುಸ್ತಕ ಮಾರುತ್ತಿದ್ದರು. ಇಂಗ್ಲೆಂಡಿನಲ್ಲಿ 1978ರಲ್ಲಿ ನಿಕ್ ಲೋಗನ್ ‘ಸ್ಮ್ಯಾಶ್ ಹಿಟ್ಸ್’ ಶುರುಮಾಡಿದಾಗ ಅದರ ಬಂಡವಾಳವೂ ಹೆಚ್ಚುಕಡಿಮೆ ಅದೇ: ಜನಪ್ರಿಯ ಹಾಡುಗಳ ಸಾಹಿತ್ಯ, ಜೊತೆಗೆ ಬಣ್ಣದ ಚಿತ್ರ. ಹದಿಹರೆಯದವರು ಮುಗಿಬಿದ್ದರು. ಅದೇ ಲೋಗನ್ 1980ರಲ್ಲಿ ‘ದಿ ಫೇಸ್’ ತಂದ. ಅಲ್ಲಿ ಪುಟ ಕಟ್ಟಲು ಬಂದ ನೆವಿಲ್ ಬ್ರಾಡಿ ಶೀರ್ಷಿಕೆಗಳ ಅಕ್ಷರಗಳನ್ನು ತಾನೇ ಬರೆದ. ಪರಿವಿಡಿಯ ಪುಟದಲ್ಲಿದ್ದ ‘ಕಂಟೆಂಟ್ಸ್’ ಎಂಬ ಪದವನ್ನು ಸಂಚಿಕೆಯಿಂದ ಸಂಚಿಕೆಗೆ ಸ್ವಲ್ಪ ಸ್ವಲ್ಪವೇ ಒಡೆಯುತ್ತ ಹೋದ. ಕೊನೆಗೆ ಉಳಿದದ್ದು ಬರೀ ಆಕಾರ. ಅದು ಪರಿವಿಡಿ ಎಂಬುದರಲ್ಲಿ ಯಾರಿಗೂ ಗೊಂದಲವಾಗಲಿಲ್ಲ. ತಿಂಗಳು ತಿಂಗಳೂ ಅದೇ ಜಾಗದಲ್ಲಿ ಅದನ್ನು ನೋಡಿದ್ದರು.

ಇಲ್ಲಿಯೇ ಗುಟ್ಟು ಇರುವುದು. ಸಂಗೀತ ಪತ್ರಿಕೆಯ ಓದುಗ ಬರುವಾಗಲೇ ಹಾಡನ್ನು ತಲೆಯಲ್ಲಿ ತುಂಬಿಕೊಂಡು ಬಂದಿರುತ್ತಾನೆ. ಅವನಿಗೆ ಗೊತ್ತಿರುವುದನ್ನು ಮತ್ತೆ ಹೇಳಬೇಕಿಲ್ಲ, ಮುಟ್ಟಿ ಎಬ್ಬಿಸಿದರೆ ಸಾಕು. ಆದರೆ ಅಡುಗೆ ಪತ್ರಿಕೆಯಲ್ಲಿ ಬಿಸಿಬೇಳೆಬಾತಿನ ಅಳತೆಯನ್ನು ನಕ್ಷತ್ರ, ಬಾಣಗಳಲ್ಲಿ ಅಚ್ಚು ಹಾಕಿದರೆ ಆ ದಿನ ಮನೆಯವರೆಲ್ಲ ಉಪವಾಸ!

ಓದುಗನಿಗೆ ಗೊತ್ತಿರುವುದನ್ನು ಮತ್ತೆ ಹೇಳಬೇಕಿಲ್ಲ ಎಂಬುದಕ್ಕೆ ದೊಡ್ಡ ಸಾಕ್ಷಿ ‘ರೋಲಿಂಗ್ ಸ್ಟೋನ್’ ಪತ್ರಿಕೆಯ 1981ರ ಜನವರಿ 22ರ ಸಂಚಿಕೆ. 1980ರ ಡಿಸೆಂಬರ್ 8ರಂದು ಛಾಯಾಗ್ರಾಹಕಿ ಆ್ಯನಿ ಲೀಬೊವಿಟ್ಜ್ ನ್ಯೂಯಾರ್ಕಿನಲ್ಲಿ ಗಾಯಕ ಜಾನ್ ಲೆನನ್ ಮನೆಗೆ ಹೋದರು. ಪತ್ರಿಕೆಗೆ ಬೇಕಿದ್ದದ್ದು ಲೆನನ್ ಒಬ್ಬನ ಚಿತ್ರ. ಹೆಂಡತಿ ಯೋಕೊ ಓನೊ ಜೊತೆಗಿರಲೇಬೇಕೆಂದು ಆತ ಹಟಹಿಡಿದ. ಬಟ್ಟೆಯಿಲ್ಲದ ಲೆನನ್, ಕಪ್ಪು ಉಡುಪಿನ ಯೋಕೊಳನ್ನು ಮಗುವಿನ ಹಾಗೆ ಮುದುಡಿ ತಬ್ಬಿ ಮಲಗಿರುವ ಚಿತ್ರ ಸಿಕ್ಕಿತು. ಅದೇ ರಾತ್ರಿ ಆತನನ್ನು ಗುಂಡಿಟ್ಟು ಕೊಂದರು. ಆ ಚಿತ್ರವಿದ್ದ ಮುಖಪುಟದಲ್ಲಿ ಪತ್ರಿಕೆಯ ಹೆಸರು ಬಿಟ್ಟರೆ ಶೀರ್ಷಿಕೆ ಇಲ್ಲ, ‘ಒಳಗೆ ಏನೇನಿದೆ’ ಎಂಬ ಪಟ್ಟಿಯೂ ಇಲ್ಲ. ಜಗತ್ತಿಗೇ ಗೊತ್ತಿದ್ದ ಸುದ್ದಿಗೆ ತಲೆಬರಹ ಏಕೆ ಬೇಕು? ಅಮೆರಿಕದ ಪತ್ರಿಕಾ ಸಂಪಾದಕರ ಸಂಘ 2005ರಲ್ಲಿ ಇದನ್ನು ಹಿಂದಿನ 40 ವರ್ಷಗಳ ಅತ್ಯುತ್ತಮ ಮುಖಪುಟವೆಂದು ಆರಿಸಿತು.

ಇನ್ನು ಕಾರ್ಸನ್. ಮೊದಲು ಶಾಲಾ ಮೇಷ್ಟ್ರು, ಸಮುದ್ರದಲ್ಲಿ ಸರ್ಫಿಂಗ್ ಆಡುತ್ತಿದ್ದ ಆಸಾಮಿ. ಅವನ ಡಿಂಗ್‌ಬ್ಯಾಟ್ಸ್ ಕಥೆ ಹೇಳುವವರು ಬಹುಮಟ್ಟಿಗೆ ಅರ್ಧಕ್ಕೇ ನಿಲ್ಲಿಸುತ್ತಾರೆ. ಅದೇ ಸಂಚಿಕೆಯ ಕೊನೆಯಲ್ಲಿ ಫೆರಿಯ ಸಂದರ್ಶನ ಓದಬಹುದಾದ ಅಕ್ಷರಗಳಲ್ಲಿ ಪೂರ್ತಿ ಅಚ್ಚಾಗಿತ್ತು. ತುಂಟತನ ಮಾಡಿದರೂ ಕಾಸು ಕೊಟ್ಟವನಿಗೆ ಮೋಸ ಮಾಡಿರಲಿಲ್ಲ.

ಈ ಪತ್ರಿಕೆಗಳನ್ನು ನೋಡಿ ನಮ್ಮ ಹುಡುಗರು ಕನ್ನಡದ ಸಾಲುಗಳನ್ನೂ ಒಂದರ ಮೇಲೊಂದು ಹತ್ತಿಸಲು ಹೊರಡುತ್ತಾರೆ. ಇಂಗ್ಲಿಷಿನ ದೊಡ್ಡಕ್ಷರಗಳು ಸಮತಟ್ಟು, ಒತ್ತಿ ಜೋಡಿಸಿದರೂ ನಿಲ್ಲುತ್ತವೆ. ನಮ್ಮಲ್ಲಿ ‘ರಾಷ್ಟ್ರ’ ಎಂದು ಬರೆದರೆ ಒತ್ತಕ್ಷರಗಳು ಕೆಳಗಿಳಿದು ಮುಂದಿನ ಸಾಲಿನ ಗುಡಿಸಿಗೆ ತಾಗುತ್ತವೆ. ಹಾಗೆಂದು ಕನ್ನಡಕ್ಕೆ ಆಟವೇ ಒಗ್ಗದು ಎಂದಲ್ಲ. ಕಂಪನಿ ನಾಟಕದ ಹ್ಯಾಂಡ್‌ಬಿಲ್, ಕೈಯಲ್ಲಿ ಬರೆದ ಸಿನಿಮಾ ಪೋಸ್ಟರು, ಭಾವಗೀತೆಯ ಕ್ಯಾಸೆಟ್ ಕವರಿನ ಬಳುಕುವ ಹೆಸರು — ಇವನ್ನು ಕಂಡರೆ ನಮ್ಮವರ ಕಿವಿಯಲ್ಲಿ ಹಾಡು ತಾನಾಗಿ ಏಳುತ್ತದೆ. ಕನ್ನಡದ ಸಂಗೀತಕ್ಕೆ ಪುಟ ಕಟ್ಟುವವರು ಕಾರ್ಸನ್‌ನ ಒಡಕು ಅಕ್ಷರಗಳನ್ನು ಪಕ್ಕಕ್ಕಿಟ್ಟು, ಕೆಲಸವನ್ನು ಇಲ್ಲಿಂದ ಶುರುಮಾಡಲಿ.