ಸರ್ವಿಸ್ ಬಳಿಕ ಕಂಪ್ರೆಸರ್ ಸದ್ದು: ಹೆಡ್ ಬಿಚ್ಚುವ ಮುನ್ನ ಗಮನಿಸಬೇಕಾದ್ದು

ಬಳ್ಳಾರಿ: ವಾಡಿಕೆಯ ಸರ್ವಿಸ್ ಮುಗಿದ ಮರುದಿನವೇ ಏರ್ ಕಂಪ್ರೆಸರ್ ಕಿವಿಗಡಚಿಕ್ಕುವಂತೆ ಸದ್ದು ಮಾಡತೊಡಗಿದರೆ ಮಾಲೀಕರಿಗೆ ಮೊದಲು ಹೊಳೆಯುವುದು ಎರಡೇ ಮಾತು: ಒಂದೋ ಯಂತ್ರಕ್ಕೆ ವಯಸ್ಸಾಯಿತು, ಇಲ್ಲವೇ ಪಿಸ್ಟನ್ ಹೋಯಿತು. ಎರಡೂ ಅಲ್ಲದಿರುವ ಸಾಧ್ಯತೆಯೇ ಹೆಚ್ಚು. ಅದುವರೆಗೆ ಇಲ್ಲದ ಸದ್ದು ಸರ್ವಿಸ್ ನಂತರ ಬಂದಿದೆ ಎಂದರೆ, ಸರ್ವಿಸ್ ವೇಳೆ ಕೈಯಾಡಿಸಿದ ಜಾಗಗಳಲ್ಲಿಯೇ ಅದರ ಮೂಲವನ್ನು ಮೊದಲು ಹುಡುಕಬೇಕು.

ಬಳ್ಳಾರಿ ನಗರದ ಲಾರಿ ಗ್ಯಾರೇಜು, ಟೈರ್ ಅಂಗಡಿ, ಪೇಂಟಿಂಗ್ ಶೆಡ್‌ಗಳಲ್ಲಿ ಕಂಪ್ರೆಸರ್ ಇಲ್ಲದೆ ಕೆಲಸ ಸಾಗದು. ಭತ್ತದ ಸೀಮೆ ಸಿರುಗುಪ್ಪದ ರೈಸ್ ಮಿಲ್‌ಗಳಲ್ಲಿ ಬಣ್ಣಗೆಟ್ಟ ಅಕ್ಕಿಕಾಳನ್ನು ಬೇರ್ಪಡಿಸುವ ಸಾರ್ಟೆಕ್ಸ್ ಯಂತ್ರವು ಗಾಳಿಯ ಸಣ್ಣ ಹೊಡೆತದಿಂದಲೇ ಆ ಕಾಳನ್ನು ಹೊರದೂಡುತ್ತದೆ. ಅಲ್ಲಿ ಕಂಪ್ರೆಸರ್ ನಿಂತರೆ ಸಾರ್ಟಿಂಗ್ ಕೂಡ ನಿಂತಂತೆ. ಕುರುಗೋಡಿನ ಟ್ರ್ಯಾಕ್ಟರ್ ರಿಪೇರಿ ಹಾಗೂ ಪಂಕ್ಚರ್ ಅಂಗಡಿಗಳ ಸ್ಥಿತಿಯೂ ಇದೇ. ಸಿರುಗುಪ್ಪದಿಂದ ಬಿಡಿಭಾಗಕ್ಕಾಗಿ ಬಳ್ಳಾರಿಗೆ ಬರಬೇಕೆಂದರೆ 50 ಕಿ.ಮೀ.ಗೂ ಹೆಚ್ಚು ದೂರ. ದೋಷವನ್ನು ತಪ್ಪಾಗಿ ಊಹಿಸಿದರೆ ಒಂದು ದಿನದ ದುಡಿಮೆಯೇ ಹೋಗುತ್ತದೆ. ಈ ಲೇಖನ ವರ್ಕ್‌ಶಾಪ್‌ಗಳಲ್ಲಿ ಸಾಮಾನ್ಯವಾಗಿರುವ, ಬೆಲ್ಟ್‌ನಿಂದ ತಿರುಗುವ ಪಿಸ್ಟನ್ ಕಂಪ್ರೆಸರ್‌ಗಳನ್ನು ಕುರಿತದ್ದು.

ಮೊದಲು ಗಾಳಿ ಬಿಡಿ

ವರ್ಕ್‌ಶಾಪ್ ಟ್ಯಾಂಕಿನಲ್ಲಿ ಸಾಮಾನ್ಯವಾಗಿ ಚದರ ಅಂಗುಲಕ್ಕೆ 100ರಿಂದ 150 ಪೌಂಡ್ ಒತ್ತಡದ ಗಾಳಿ ತುಂಬಿರುತ್ತದೆ. ಹೀಗಾಗಿ ಪಾನಾ ಹಿಡಿಯುವ ಮುನ್ನ ಮೇನ್ ಸ್ವಿಚ್ ತೆಗೆದು, ಬೇರೆಯವರು ಹಾಕದಂತೆ ಎಚ್ಚರ ವಹಿಸಬೇಕು. ಗೇಜ್ ಮುಳ್ಳು ಸೊನ್ನೆಗೆ ಬರುವವರೆಗೆ ಟ್ಯಾಂಕನ್ನು ಖಾಲಿ ಮಾಡಬೇಕು. ಮೋಟಾರು ನಿಂತಿದೆ ಎಂದ ಮಾತ್ರಕ್ಕೆ ಅಪಾಯ ಕಳೆದಿಲ್ಲ. ಪ್ರೆಷರ್ ಸ್ವಿಚ್ ಯಾವ ಕ್ಷಣದಲ್ಲಾದರೂ ಅದನ್ನು ತಾನಾಗಿಯೇ ಚಾಲೂ ಮಾಡಬಲ್ಲದು.

ಸದ್ದೇ ಸುಳಿವು

ಚಾಲೂ ಆಗುವಾಗ ಕಿರ್‍ರೆನ್ನುವ ಸದ್ದು: ಬೆಲ್ಟ್ ಸಡಿಲವಾಗಿದೆ, ಇಲ್ಲವೇ ಅದರ ಮೇಲೆ ಆಯಿಲ್ ಬಿದ್ದಿದೆ. ಎರಡು ಪುಲ್ಲಿಗಳ ನಡುವೆ ಬೆರಳಿನಿಂದ ಒತ್ತಿದಾಗ ಬೆಲ್ಟ್ ಸುಮಾರು 10ರಿಂದ 12 ಮಿ.ಮೀ. ಬಾಗಿದರೆ ಸರಿ. ಅತಿಯಾಗಿ ಬಿಗಿದರೆ ಬೇರಿಂಗ್ ಮೇಲೆ ಭಾರ ಬಿದ್ದು ಗುರುಗುಟ್ಟುವ ಸದ್ದು ಶುರುವಾಗುತ್ತದೆ. ಎರಡೂ ಪುಲ್ಲಿಗಳು ಒಂದೇ ನೇರದಲ್ಲಿವೆಯೇ ಎಂಬುದನ್ನು ಉದ್ದನೆಯ ಪಟ್ಟಿ ಅಥವಾ ದಾರ ಹಿಡಿದು ನೋಡಬಹುದು. ಹೊಸ ಬೆಲ್ಟ್ ಓಡಿದಂತೆ ಹಿಗ್ಗುವುದರಿಂದ ಒಂದು ದಿನದ ನಂತರ ಬಿಗಿಯನ್ನು ಮತ್ತೊಮ್ಮೆ ಪರೀಕ್ಷಿಸಬೇಕು.

ಗಡಗಡ ಅದುರುವ ಸದ್ದು: ಬೆಲ್ಟ್ ಗಾರ್ಡ್, ತಳದ ಬೋಲ್ಟ್, ರಬ್ಬರ್ ಪ್ಯಾಡ್‌ಗಳನ್ನು ನೋಡಬೇಕು. ಸಮತಟ್ಟಲ್ಲದ ನೆಲದಲ್ಲಿ ಕಾಲುಗಳನ್ನು ಬಲವಂತವಾಗಿ ಬಿಗಿದರೂ ಇಡೀ ಟ್ಯಾಂಕ್ ನಗಾರಿಯಂತೆ ಮೊಳಗುತ್ತದೆ.

ಗಾಳಿ ಎಳೆಯುವ ಭಾರೀ ಮೊರೆತ: ಏರ್ ಫಿಲ್ಟರಿನ ಮುಚ್ಚಳ ಅಥವಾ ಎಲಿಮೆಂಟ್ ಮರಳಿ ಕೂರಿಸಿಲ್ಲ. ಫಿಲ್ಟರ್ ಧೂಳನ್ನಷ್ಟೇ ಅಲ್ಲ, ಸದ್ದನ್ನೂ ತಡೆಯುತ್ತದೆ. ಬಳ್ಳಾರಿಯ ಕೆಂಧೂಳಿನಲ್ಲಿ ಅದಿಲ್ಲದೆ ಓಡಿಸಿದರೆ ಸಿಲಿಂಡರ್ ಬೇಗ ಸವೆಯುವುದು ಖಚಿತ. ಕಾಗದದ ಎಲಿಮೆಂಟನ್ನು ತೊಳೆಯದೆ ಬದಲಿಸುವುದೇ ಸೂಕ್ತ.

ಲಯಬದ್ಧವಾಗಿ ಟಕ್ ಟಕ್ ಎನ್ನುವ ಲೋಹದ ಹೊಡೆತ: ಇದು ಗಂಭೀರ. ಮೊದಲು ಫ್ಲೈವೀಲ್ ಅಥವಾ ಮೋಟಾರ್ ಪುಲ್ಲಿಯ ಕೀ, ಬೋಲ್ಟ್ ಸಡಿಲವಾಗಿದೆಯೇ ನೋಡಬೇಕು. ನಂತರ ಆಯಿಲ್ ಮಟ್ಟ. ಗಾಜಿನಲ್ಲಿ ಗುರುತು ಮಾಡಿದ ಮಟ್ಟದಲ್ಲಿ ಆಯಿಲ್ ಇರಬೇಕು. ಯಂತ್ರದ ಕೈಪಿಡಿ ಹೇಳಿದ ದರ್ಜೆಯ ಕಂಪ್ರೆಸರ್ ಆಯಿಲ್‌ಗೆ ಬದಲಾಗಿ ಕೈಗೆ ಸಿಕ್ಕ ಎಂಜಿನ್ ಆಯಿಲ್ ಸುರಿದರೆ ವಾಲ್ವ್‌ಗಳ ಮೇಲೆ ಕಾರ್ಬನ್ ಕಟ್ಟುವ ಸಂಭವವಿದೆ. ಸರ್ವಿಸ್‌ನಲ್ಲಿ ಹೆಡ್ ಬಿಚ್ಚಿದ್ದರೆ ಇನ್ನೂ ಎರಡು ಸಂಶಯಗಳು ಉಳಿಯುತ್ತವೆ. ಮೂಲಕ್ಕಿಂತ ತೆಳುವಾದ ಗ್ಯಾಸ್ಕೆಟ್ ಹಾಕಿದರೆ ಪಿಸ್ಟನ್ ಮೇಲೇರಿದಾಗ ವಾಲ್ವ್ ಪ್ಲೇಟಿಗೆ ತಾಗಬಹುದು. ವಾಲ್ವ್ ಪಟ್ಟಿ ತಲೆಕೆಳಗಾಗಿ ಕುಳಿತಿದ್ದರೆ ಸದ್ದಿನೊಂದಿಗೆ ಒತ್ತಡ ಏರುವುದೂ ನಿಧಾನವಾಗುತ್ತದೆ.

ಮೋಟಾರಿನ ಗುಂಯ್‌ಗುಡುವಿಕೆ: ತ್ರೀ ಫೇಸ್‌ನಲ್ಲಿ ಒಂದು ಫೇಸ್ ಬರುತ್ತಿಲ್ಲವೆಂಬ ಸೂಚನೆ ಇದಾಗಿರಬಹುದು. ತಕ್ಷಣ ನಿಲ್ಲಿಸದಿದ್ದರೆ ವೈಂಡಿಂಗ್ ಸುಡುತ್ತದೆ. ವೈರ್ ಬಿಚ್ಚಿ ಜೋಡಿಸಿದ್ದರೆ ತಿರುಗುವ ದಿಕ್ಕನ್ನೂ ಬಾಣದ ಗುರುತಿನೊಂದಿಗೆ ತಾಳೆ ನೋಡಬೇಕು. ಫ್ಲೈವೀಲ್‌ನ ರೆಕ್ಕೆಗಳು ಸಿಲಿಂಡರ್ ಕಡೆಗೆ ಗಾಳಿ ಬೀಸಬೇಕು. ಉಲ್ಟಾ ತಿರುಗಿದರೆ, 40 ಡಿಗ್ರಿ ದಾಟುವ ಇಲ್ಲಿನ ಬೇಸಿಗೆಯಲ್ಲಿ ಹೆಡ್ ಕಾದು ಕೆಂಡವಾಗುತ್ತದೆ. ಎರಡು ಫೇಸ್ ಅದಲು ಬದಲು ಮಾಡುವ ಕೆಲಸವನ್ನು ಎಲೆಕ್ಟ್ರಿಷಿಯನ್ನರಿಂದಲೇ ಮಾಡಿಸಬೇಕು.

ಪರೀಕ್ಷೆಯ ಕ್ರಮ

ಮೇಲಿನವು ಸರಿಯಾಗಿದ್ದೂ ಸದ್ದು ನಿಲ್ಲದಿದ್ದರೆ ಯಂತ್ರವನ್ನು ಭಾಗ ಮಾಡಿ ನೋಡುವುದೇ ದಾರಿ. ಬೆಲ್ಟ್ ತೆಗೆದು ಫ್ಲೈವೀಲನ್ನು ಕೈಯಿಂದ ತಿರುಗಿಸಬೇಕು. ಪ್ರತಿ ಸುತ್ತಿನಲ್ಲೂ ಒಂದೇ ಜಾಗದಲ್ಲಿ ತಗುಲಿದಂತಾದರೆ ದೋಷ ಒಳಗಿದೆ. ಬಳಿಕ ಗಾರ್ಡ್ ಹಾಕಿ ಮೋಟಾರನ್ನು ಮಾತ್ರ ಕೆಲ ಕ್ಷಣ ಓಡಿಸಬೇಕು. ಆಗಲೂ ಸದ್ದು ಬಂದರೆ ಅದು ಮೋಟಾರಿನದೇ. ಕೊನೆಗೆ ಬೆಲ್ಟ್, ಗಾರ್ಡ್ ಕೂರಿಸಿ, ಡ್ರೈನ್ ವಾಲ್ವ್ ತೆರೆದಿಟ್ಟು ಖಾಲಿ ಓಡಿಸಿ, ನಂತರ ಮುಚ್ಚಿ ಒತ್ತಡ ಏರಲು ಬಿಡಬೇಕು. ಒತ್ತಡ ಏರಿದಾಗ ಮಾತ್ರ ಸದ್ದು ಬಂದರೆ ವಾಲ್ವ್, ಬೇರಿಂಗ್ ಅಥವಾ ಜಾರುವ ಬೆಲ್ಟ್ ಕಡೆಗೆ ಬೆರಳು ತೋರಿಸಬಹುದು.

ಯಂತ್ರ ನಿಂತಾಗ ಕೆಲ ಕ್ಷಣ ‘ಪುಸ್’ ಎನ್ನುವುದು ಸಹಜ. ಅದು ನಿಲ್ಲದೇ ಮುಂದುವರಿದರೆ ನಾನ್ ರಿಟರ್ನ್ ವಾಲ್ವ್ ಸೋರುತ್ತಿದೆ ಎಂದೇ ತಿಳಿಯಬೇಕು. ಸೇಫ್ಟಿ ವಾಲ್ವ್ ಪದೇ ಪದೇ ಬಿಚ್ಚಿಕೊಳ್ಳುತ್ತಿದೆ ಎಂದು ಅದನ್ನು ಬಿಗಿಯುವುದಾಗಲಿ, ಮುಚ್ಚುವುದಾಗಲಿ ಸಲ್ಲದು. ಟ್ಯಾಂಕ್ ಸಿಡಿಯದಂತೆ ತಡೆಯುವ ಕೊನೆಯ ಕಾವಲು ಅದೊಂದೇ.

ಕಿವಿಗೂ ಮಿತಿಯಿದೆ

ಲೋಹದ ಹೊಡೆತ ಕೇಳಿಸಿದೊಡನೆ ಯಂತ್ರ ನಿಲ್ಲಿಸಬೇಕು. ‘ಇವತ್ತಿನ ಕೆಲಸ ಮುಗಿಯಲಿ’ ಎಂದು ಓಡಿಸಿದರೆ ನೂರಾರು ರೂಪಾಯಿಯ ಗ್ಯಾಸ್ಕೆಟ್ ಕೆಲಸ ಸಾವಿರಾರು ರೂಪಾಯಿಯ ಕ್ರ್ಯಾಂಕ್ ಕೆಲಸವಾದೀತು. ಕೆಲಸಗಾರರ ಶ್ರವಣಶಕ್ತಿಯ ಪ್ರಶ್ನೆಯೂ ಇಲ್ಲಿದೆ. ದಿನಕ್ಕೆ 8 ಗಂಟೆ 85 ಡೆಸಿಬಲ್ ಮೀರಿದ ಸದ್ದಿನಲ್ಲಿ ದುಡಿಯುವುದು ಕಿವಿಗೆ ಹಾನಿಕರ ಎಂಬುದು ತಜ್ಞ ಸಂಸ್ಥೆಗಳ ಮಾನದಂಡ. ಹೀಗೆ ಹೋದ ಶ್ರವಣಶಕ್ತಿ ಮರಳಿ ಬಾರದು. ಶಬ್ದ ಮಾಲಿನ್ಯ ನಿಯಮಗಳು, 2000ರ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬಲ್ ಮಿತಿಯಿದೆ. ಮನೆಗಳ ನಡುವಿನ ಗ್ಯಾರೇಜುಗಳು ಇದನ್ನು ಮರೆಯುವಂತಿಲ್ಲ.

ಯಾವ ದಿನ ಯಾವ ಭಾಗ ಬಿಚ್ಚಲಾಯಿತು, ಯಾವ ಆಯಿಲ್ ಹಾಕಲಾಯಿತು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುವುದು ಒಳಿತು. ಮುಂದಿನ ಬಾರಿ ಸದ್ದು ಬಂದಾಗ ಎಲ್ಲಿಂದ ಹುಡುಕಬೇಕೆಂಬುದು ಆ ಪುಟದಲ್ಲೇ ಸಿಗುತ್ತದೆ.